ಬೆಂಚು ಮಡಚಿದ ಮೇಲೆ ಉಳಿದ ಜಾಗ

ಮನೆಯಲ್ಲೇ ಕಬ್ಬಿಣವನ್ನು ಕಚ್ಚಿಹಿಡಿಯುವ ಒಂದು ವೈಸು ಕೂರಿಸಿಕೊಂಡು ಕಬ್ಬಿಣದ ಕೆಲಸ ಶುರು ಮಾಡಬೇಕು ಅನ್ನುವ ಹುಡುಗರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬರುವಾಗ ಫೋನಿನಲ್ಲಿ ಒಂದು ವಿಡಿಯೋ ತಂದಿರುತ್ತಾರೆ. ಅದರಲ್ಲಿ ಯಾವುದೋ ದೇಶದ ಮನುಷ್ಯ ಇಕ್ಕಟ್ಟಾದ ಜಾಗದಲ್ಲಿ ವರ್ಕ್‌ಶಾಪ್ ಮಾಡಿಕೊಳ್ಳುವುದು ಹೇಗೆಂದು ತೋರಿಸುತ್ತಿರುತ್ತಾನೆ. ಅವನ ಇಕ್ಕಟ್ಟಾದ ಜಾಗ ನಮ್ಮ ಕಡೆ ಒಂದು ಮದುವೆ ಊಟಕ್ಕೆ ಸಾಕು. ನಾನು ನೋಡಿ, ನಕ್ಕು, ಫೋನು ವಾಪಸು ಕೊಟ್ಟು, "ನಿಮ್ಮ ಮನೇಲಿ ಯಾರ್ಯಾರು ಇದ್ದೀರಪ್ಪ?" ಎಂದು ಕೇಳುತ್ತೇನೆ. ಬೆಂಚಿನ ಅಳತೆ ಕೇಳಲು ಬಂದರೆ ಈ ಮುದುಕ ಜನಗಣತಿ ಮಾಡುತ್ತಾನಲ್ಲ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಾನು ಹಾಗೆ ಕೇಳುವುದನ್ನು ಕಲಿತದ್ದು ಕೆಲಸ ಬಿಡುವ ಹೊತ್ತಿಗೆ. ನೀವಾದರೂ ಶುರುವಿನಲ್ಲೇ ಕಲಿಯಿರಿ ಎಂದು ಬರೆಯುತ್ತಿದ್ದೇನೆ.

ನನ್ನ ಹೆಸರು ಸಿದ್ದರಾಜು. ಹುಟ್ಟಿದ್ದು ಧನಗೆರೆ, ದುಡಿದದ್ದೆಲ್ಲ ಕೊಳ್ಳೇಗಾಲ. ಗೇಟು, ಕಿಟಕಿ ಗ್ರಿಲ್ಲು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದೆ. ಆದರೆ ಹನೂರು, ಯಳಂದೂರಿನ ತನಕ ಜನ ನನ್ನನ್ನು ಗುರುತಿಸಿದ್ದು 'ಬೆಂಚ್ ಸಿದ್ದರಾಜು' ಎಂದು. ಕೆಲಸ ಇರುವಾಗ ಬಿಚ್ಚಿ, ಮುಗಿದ ಮೇಲೆ ಗೋಡೆಗೆ ಮಡಚಿಡುವ ಬೆಂಚು ನನ್ನ ಕಸುಬಾಗಿತ್ತು. ಸ್ಟೌ ರಿಪೇರಿಯವರು, ಬೀಗದವರು, ಗದ್ದೆಗೆ ಔಷಧಿ ಹೊಡೆಯುವ ಪಂಪು ಬಿಚ್ಚಿ ಜೋಡಿಸುವವರು, ರೇಷ್ಮೆ ಬಿಚ್ಚಾಣಿಕೆಯ ರಾಟೆಗೆ ಬಿಡಿಭಾಗ ಮಾಡಿಕೊಡುವವರು, ಇಂಥವರಿಗೆಲ್ಲ ಬೇರೆ ಅಂಗಡಿ ಎಲ್ಲಿಂದ ಬರಬೇಕು? ಇರುವುದೊಂದು ಹಜಾರ. ಅದರಲ್ಲೇ ಮಕ್ಕಳು ಓದಬೇಕು, ನೆಂಟರು ಬಂದರೆ ಕೂರಬೇಕು, ಇವನು ಕಬ್ಬಿಣ ಕುಯ್ಯಬೇಕು.

ಈ ಕಸುಬನ್ನು ನನಗೆ ಕಲಿಸಿದವರು ಪುಟ್ಟಮಾದಪ್ಪ ಮೇಸ್ತ್ರಿ. ಕಲಿಸಿದರು ಅಂದೆನಲ್ಲ, ಅದು ಅರ್ಧ ಸತ್ಯ. ಕಬ್ಬಿಣ ಉಜ್ಜುವ ಅರ ಹಿಡಿಯುವುದನ್ನು, ಅಳತೆ ನೋಡುವುದನ್ನು ಕಲಿಸಿದವರು ಅವರೇ. ಮಡಚುವ ಬೆಂಚನ್ನು ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿ. ಅವರ ಮನೆ ಇದ್ದದ್ದು ಕೊಳ್ಳೇಗಾಲದ ನೇಕಾರರ ಓಣಿಯೊಂದರಲ್ಲಿ. ಮುಂದೆ ಹಜಾರ, ಹಿಂದೆ ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ. ಹಜಾರವನ್ನೆಲ್ಲ ತುಂಬಿಕೊಂಡು ಅವರ ಬೆಂಚು ಕೂತಿತ್ತು. ನಾಲ್ಕು ಕಲ್ಲಿನ ಕಾಲು, ನೆಲದೊಳಕ್ಕೆ ಹೂತಿದ್ದು. ಮೇಲೆ ಎತ್ತಿನ ಗಾಡಿಯೇ ಹತ್ತಬಹುದಾದಂಥ ದಪ್ಪ ತೊಲೆ. ಅದರ ತುದಿಗೆ ವೈಸು.

ಅವರ ಕೈಕೆಳಗೆ ಸೇರಿದ ಹೊಸತರಲ್ಲಿ ನಾನು ಉಜ್ಜಿದ ಪಟ್ಟಿಯೊಂದು ಡೊಂಕಾಯಿತು. ಬೆಂಚು ಸ್ವಲ್ಪ ಅಲುಗಿತು ಮೇಸ್ತ್ರಿ ಅಂದೆ. ಅವರು ಅಂಗೈಯನ್ನು ತೊಲೆಯ ಮೇಲೆ ಊರಿ, ಕಣ್ಣು ಮುಚ್ಚಿ, ಉಜ್ಜು ಅಂದರು. ಉಜ್ಜಿದೆ.

"ಕುಣೀನಾರ್ದವ್ಳು ನೆಲ ಡೊಂಕು ಅಂದ್ಲಂತೆ. ಅಲುಗ್ತಿರಾದು ಬೆಂಚಲ್ಲ ಕಣ್ಲಾ, ನಿನ್ ಸೊಂಟ. ಬೆಂಚು ಅಂದ್ರೆ ಮನೆ ಕಂಬ ಇದ್ದಂಗೆ. ಅಲ್ಲಾಡಕೂಡ್ದು. ಬೆಂಚು ಅಲ್ಲಾಡಿದ್ರೆ ಅರದ ಮಾತ್ನ ಕಬ್ಣ ಕೇಳಾಕಿಲ್ಲ."

ಈ ಮಾತು ನೂರಕ್ಕೆ ನೂರು ನಿಜ, ಬರೆದಿಟ್ಟುಕೊಳ್ಳಿ. ವೈಸಿನ ಬಾಯಿ ನಿಮ್ಮ ಮೊಣಕೈ ಮಟ್ಟಕ್ಕೆ ಇರಲಿ, ಬೆಂಚು ಅಲುಗದಿರಲಿ. ಉಳಿದದ್ದನ್ನೆಲ್ಲ ಕೈಯೇ ಕಲಿಯುತ್ತದೆ.

ನಾನು ಬೇರೆ ಷೆಡ್ಡು ಹಾಕಿಕೊಂಡು ಮೊದಲ ಮಡಚುವ ಬೆಂಚು ಮಾಡಿದಾಗ ಅದನ್ನು ಗಾಡಿಯಲ್ಲಿ ಹೇರಿಕೊಂಡು ಮೇಸ್ತ್ರಿಯ ಮನೆ ಮುಂದೆ ಇಳಿಸಿದೆ. ಆಂಗಲ್ ಕಬ್ಬಿಣದ ಚೌಕಟ್ಟು, ಗೋಡೆಗೆ ಬಾಗಿಲಿಗಿರುವಂಥ ಹಿಂಜು, ಕೆಳಗಿನಿಂದ ಓರೆಯಾಗಿ ಆತುಕೊಳ್ಳುವ ಕಾಲು. ಅವರು ಜಗಲಿಯಿಂದ ಇಳಿಯಲಿಲ್ಲ.

"ಏನ್ಲಾ ಸಿದ್ದ, ಕೊಡೆ ಮಾಡ್ಕಂಡ್ ಬಂದಿದ್ದೀಯ? ಸರಿ ಬುಡು, ಮಳೆ ಬಂದಾಗ ಬಿಚ್ಚು."

ಓಣಿಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆವತ್ತಿನಿಂದ ನನ್ನ ಮನಸ್ಸಿನಲ್ಲಿ ಒಂದು ಆಸೆ ಕೂತಿತು. ಮೇಸ್ತ್ರಿ ಒಂದು ದಿನವಾದರೂ ನಾನು ಮಾಡಿದ ಬೆಂಚಿನಲ್ಲಿ ಅರ ಹಿಡಿದು ಕೆಲಸ ಮಾಡಬೇಕು. ಹೊಗಳದಿದ್ದರೂ ಸರಿ, ಹಿಡಿದರೆ ಸಾಕು. ಎಷ್ಟು ಊರು ಸುತ್ತಿದರೂ, ಎಷ್ಟು ಜನ ಭೇಷ್ ಅಂದರೂ ಆ ಹಸಿವು ಹಿಂಗಲಿಲ್ಲ.

ಮೇಸ್ತ್ರಿಯ ಹೆಂಡತಿ ತಾಯಮ್ಮ. ಆ ದಿನಗಳ ನೆನಪಿನಲ್ಲಿ ಅವರು ನನಗೆ ಕಾಣುವುದು ಅಡ್ಡಡ್ಡಲಾಗಿ. ಬೆಂಚಿಗೂ ಗೋಡೆಗೂ ನಡುವೆ ಇದ್ದ ಸಂದಿಯಲ್ಲಿ, ಕಂಕುಳಲ್ಲಿ ನೀರಿನ ಕೊಡ ಇಟ್ಟುಕೊಂಡು, ಏಡಿಯ ಹಾಗೆ ಓರೆಯಾಗಿ ನಡೆದು ಒಳಗೆ ಹೋಗುತ್ತಿದ್ದರು. ಸೆರಗು ವೈಸಿನ ಹಿಡಿಗೆ ಸಿಕ್ಕಿ ಪರ್ರೆಂದು ಹರಿದದ್ದನ್ನೂ ಕಂಡಿದ್ದೇನೆ. ಸೆರಗು ಬಿಡಿಸಿಕೊಂಡು ಸುಮ್ಮನೆ ಹೋಗುತ್ತಿದ್ದರು. ಒಳಗಿನ ಕೋಣೆಯೂ ಅವರದಾಗಿರಲಿಲ್ಲ. ಮೇಸ್ತ್ರಿಯ ಸರಳು, ಪೈಪಿನ ತುಂಡು, ಗುಜರಿ ತುಂಬಿದ ಡಬ್ಬಗಳು ಅಲ್ಲೂ ಒಲೆಯ ತನಕ ಬಂದಿದ್ದವು. ಇದೆಲ್ಲ ನಮ್ಮ ಕಣ್ಣಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಕೆಲಸಗಾರನ ಮನೆ ಅಂದಮೇಲೆ ಇರುವುದೇ ಹೀಗೆ ಅಂದುಕೊಂಡಿದ್ದೆವು.

ಹನೂರಿನ ಮುರುಗೇಶನ ಕತೆ ಹೇಳದಿದ್ದರೆ ನನ್ನ ಕಸುಬಿನ ಕತೆ ಪೂರ್ತಿಯಾಗುವುದಿಲ್ಲ. ಪಂಪು ರಿಪೇರಿಯವನು. ಮನೆಯಲ್ಲಿ ಅರ್ಧ ತಮಿಳು, ಅರ್ಧ ಕನ್ನಡ. ಮನೆಯೊಳಗೆ ಎಣ್ಣೆ ನಾತವೆಂದು ಅವನ ತಾಯಿಯ ತಕರಾರು. ಅದಕ್ಕೆ ಬೆಂಚಿಗೆ ಚಕ್ರ ಹಾಕಿಕೊಡಿ, ಹಗಲು ಅಂಗಳಕ್ಕೆ ತಳ್ಳಿಕೊಳ್ಳುತ್ತೇನೆ, ಸಂಜೆ ಒಳಗೆ ಎಳೆದುಕೊಳ್ಳುತ್ತೇನೆ ಅಂದ. ಹಾಕಿಕೊಟ್ಟೆ. ಅಂಗಳ ರಸ್ತೆಯ ಕಡೆಗೆ ಇಳಿಜಾರು, ಚಕ್ರಕ್ಕೆ ಇಟ್ಟಿಗೆ ಒಡ್ಡಿಕೊ ಎಂದು ಹೇಳಿಯೂ ಬಂದೆ. ಅವನು ಒಡ್ಡಿದ್ದ. ಅವನ ತಾಯಿ ಅಂಗಳದಲ್ಲಿ ನೀರು ಕಾಯಿಸಲು ಒಲೆ ಹೂಡಬೇಕಾಗಿ ಆ ಇಟ್ಟಿಗೆಗಳನ್ನೇ ಎತ್ತಿಕೊಂಡು ಹೋದರು. ಮುರುಗೇಶ ಪಂಪನ್ನು ವೈಸಿಗೆ ಕಚ್ಚಿಸಿ ಒಂದು ಸಲ ಜೋರಾಗಿ ತಿರುಪಿದ್ದಾನೆ, ಬೆಂಚು ಪಂಪಿನ ಸಮೇತ ಹೊರಟಿದೆ. ಹಿಂದೆ ಇವನು, ಇವನ ಹಿಂದೆ ಇವನ ತಾಯಿ. ರಸ್ತೆಯಲ್ಲಿ ಬೆಟ್ಟಕ್ಕೆ ಹೋಗುವ ಬಸ್ಸು ಬ್ರೇಕು ಹಾಕಿ ನಿಂತಿತಂತೆ. ಕಂಡಕ್ಟರ್ ತಲೆ ಹೊರಗೆ ಹಾಕಿ ಕೇಳಿದ್ದನ್ನು ಮುರುಗೇಶನೇ ನನಗೆ ಹೇಳಿದ.

"ಅಣ್ಣಾ, ನಿಮ್ ಬೆಂಚ್ಗೆ ಮಾದಪ್ಪನ್ ಬೆಟ್ಟಕ್ಕೆ ಟಿಕೆಟ್ ಅರೀಲಾ ಅಂತ ಕೇಳ್ದ ಕಣಣ್ಣಾ ಅಂವ!"

ಆಮೇಲೆ ನಾನು ಚಕ್ರವನ್ನು ಒಂದೇ ತುದಿಗೆ ಹಾಕುವುದನ್ನು ರೂಢಿ ಮಾಡಿಕೊಂಡೆ. ಇನ್ನೊಂದು ತುದಿಗೆ ಬರೀ ಕಾಲು. ಆ ತುದಿಯನ್ನು ಎತ್ತಿದರೆ ತಳ್ಳುಗಾಡಿಯ ಹಾಗೆ ಉರುಳುತ್ತದೆ, ಬಿಟ್ಟರೆ ನಿಂತುಬಿಡುತ್ತದೆ. ನೀವೂ ಹಾಗೇ ಮಾಡಿ. ಇಟ್ಟಿಗೆಯನ್ನು ನಂಬಬೇಡಿ.

ಯಳಂದೂರಿನಲ್ಲಿ ಬೀಗ ಮಾಡುವ ಶಿವಣ್ಣನಿಗೆ ಕೂರಿಸಿದ ಬೆಂಚು ನನ್ನ ಪ್ರಕಾರ ನಾನು ಮಾಡಿದ್ದರಲ್ಲೇ ಚೆಂದದ್ದು. ಮಡಚಿದಾಗ ಅಡಿಭಾಗ ಮನೆಯ ಕಡೆ ಕಾಣುತ್ತದಲ್ಲ, ಅದು ಒರಟಾಗಿ ಕಾಣಬಾರದೆಂದು ಒಳ್ಳೆ ಹಲಗೆ ಬಡಿದು ಪಾಲಿಶ್ ಮಾಡಿದ್ದೆ. ಕೆಲವು ವಾರ ಬಿಟ್ಟು ಆ ಕಡೆ ಹೋದಾಗ ಶಿವಣ್ಣ ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೀಗವನ್ನು ಎರಡು ಪಾದಗಳ ನಡುವೆ ಒತ್ತಿಕೊಂಡು ಅರ ಆಡಿಸುತ್ತಿದ್ದ.

"ಬೆಂಚಿಗೇನಾಯ್ತು ಶಿವಣ್ಣ?"

"ಒಳಗೋಗಿ ನೋಡು ಬಾ."

ಒಳಗೆ ಹೋದರೆ ಬೆಂಚು ಗೋಡೆಗೆ ಮಡಚಿಯೇ ಇದೆ. ಅದರ ಪಾಲಿಶ್ ಹಲಗೆಯ ತುಂಬ ದೇವರ ಫೋಟೋಗಳು. ಬಿಳಿಗಿರಿರಂಗ, ಮಾದಪ್ಪ, ನಂಜುಂಡೇಶ್ವರ. ಮೇಲೆ ಮೂರು ಎಳೆ ವಿಭೂತಿ, ಕೆಳಗೆ ಊದುಬತ್ತಿ. ಶಿವಣ್ಣನ ತಾಯಿ ನನ್ನನ್ನು ನೋಡಿ ಸಂತೋಷಪಟ್ಟರು.

"ಒಳ್ಳೆ ದೇವ್ರ ಅಲಗೆ ಮಾಡ್ಕೊಟ್ಟೆ ಕಣಪ್ಪಾ. ಇಷ್ಟ್ ದಿವ್ಸ ದೇವ್ರುಗೊಂದು ಜಾಗ ಇರ್ನಿಲ್ಲ ಈ ಮನೇಲಿ."

"ಅದು ಬೆಂಚು ಕಣವ್ವಾ. ಇಳಿಸಿ ಕೆಲಸ ಮಾಡಬೇಕು."

"ದೇವ್ರ ತಲೆಕೆಳಗ್ ಮಾಡಿ ಅದ್ರ ಮ್ಯಾಲೆ ಬೀಗ ಬಡೀತೀರಾ? ಬುಡ್ತು ಅನ್ನು!"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವಂತಾಯಿತು. ನಾನು ಪಕ್ಕದ ಗೋಡೆಗೆ ಬೇರೆ ಹಲಗೆ ಹೊಡೆದು, ಆ ಅಮ್ಮನ ಕೈಯಿಂದಲೇ ದೇವರನ್ನು ಅಲ್ಲಿಗೆ ದಾಟಿಸಿ, ಮಂಗಳಾರತಿಗೆ ಕೈ ಮುಗಿದು ಬಂದೆ. ದಾರಿಯುದ್ದಕ್ಕೂ ನಗು. ಆದರೆ ಅಲ್ಲೊಂದು ಪಾಠವಿತ್ತು, ನಾನು ಅರ್ಧ ಮಾತ್ರ ಕಲಿತೆ. ಜಾಗ ಉಳಿಸಿಕೊಟ್ಟರೆ ಅದು ಖಾಲಿ ಬಿದ್ದಿರುವುದಿಲ್ಲ, ಕಾಯುತ್ತಿದ್ದವರು ಬಂದು ತುಂಬಿಕೊಳ್ಳುತ್ತಾರೆ.

ಈ ನಡುವೆ ಕಸುಬಿನ ರೀತಿಯೇ ಬದಲಾಯಿತು. ಅರ ಹಿಡಿದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಉಜ್ಜುತ್ತಿದ್ದ ಕೆಲಸವನ್ನು ನಾವೊಂದು ಬೀಡಿ ಸೇದುವಷ್ಟರಲ್ಲಿ ಕರೆಂಟಿನ ಗ್ರೈಂಡರು ಮುಗಿಸಿತು. ಬೇಗ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಗ್ರೈಂಡರಿನ ಕಿಡಿ ಮಡಚಿದ ಹಾಸಿಗೆಯ ಮೇಲೆ ಬೀಳುತ್ತದೆ, ಸದ್ದು ತೊಟ್ಟಿಲ ಮಗುವನ್ನು ಎಬ್ಬಿಸುತ್ತದೆ. ಗ್ರೈಂಡರ್ ಇಟ್ಟುಕೊಳ್ಳುವವರು ಬೆಂಚಿನ ಹಿಂದೆ ಒಂದು ತಗಡನ್ನೂ ಹಿಂಜಿನ ಮೇಲೆ ನಿಲ್ಲಿಸಿಕೊಳ್ಳಿ. ನಾನಂತೂ ಅರದ ಸದ್ದನ್ನು ಈಗಲೂ ಹಂಬಲಿಸುತ್ತೇನೆ. ಮೊದಲೆಲ್ಲ ಆ ನೇಕಾರರ ಓಣಿ ಹೊಕ್ಕರೆ ಒಂದು ಕಡೆಯಿಂದ ಮಗ್ಗದ ಸದ್ದು, ಇನ್ನೊಂದು ಕಡೆಯಿಂದ ಮೇಸ್ತ್ರಿಯ ಅರದ ಸದ್ದು. ಕಣ್ಣು ಮುಚ್ಚಿಕೊಂಡು ಅವರ ಮನೆ ಬಾಗಿಲಿಗೆ ಹೋಗಬಹುದಿತ್ತು.

ರಸ್ತೆ ಅಗಲ ಮಾಡಬೇಕೆಂದು ಮನೆಗಳ ಮೇಲೆ ಕೆಂಪು ಗೀಟು ಎಳೆದರು. ಮೇಸ್ತ್ರಿಯ ಹಜಾರ ಪೂರ್ತಿ ಗೀಟಿನ ಆಚೆಗೆ ಬಿತ್ತು. ಜೆಸಿಬಿ ಬಂದ ದಿನ ನಾನೂ ಹೋಗಿದ್ದೆ. ಗೋಡೆ ಹಪ್ಪಳದಂತೆ ಬಿತ್ತು. ಬೆಂಚಿನ ಕಲ್ಲುಕಾಲುಗಳು ಮಾತ್ರ ಬರಲೊಲ್ಲವು. ಡ್ರೈವರು ಹಿಂದೆ ಮುಂದೆ ಆಡಿಸಿ ಬೆವರು ಒರೆಸಿಕೊಂಡ. ಮೇಸ್ತ್ರಿ ಎದುರು ಮನೆಯ ಜಗಲಿಯ ಮೇಲೆ ನಿಂತು ನೋಡುತ್ತಿದ್ದರು. ಕೊನೆಗೊಂದು ಕಾಲು ಕಿತ್ತು ಮೇಲೆ ಬಂದಾಗ, "ಅಲ್ಲಾಡ್ನಿಲ್ಲ ನೋಡ್ದಾ, ಕಿತ್ಕಂಡೇ ಬಂತು" ಅಂದರು. ಆ ಹೊತ್ತಿನಲ್ಲೂ ಆ ಮನುಷ್ಯನಿಗೆ ಜಂಬ.

ಆಮೇಲೆ ಅವರು ಸುಮ್ಮನಾಗಿಬಿಟ್ಟರು. ವಯಸ್ಸಾಯಿತು, ಇನ್ನಾದರೂ ಆರಾಮಾಗಿರಲಿ ಎಂದು ಜನ ಅಂದರು. ಒಂದು ದಿನ ತಾಯಮ್ಮನೇ ನನ್ನ ಷೆಡ್ಡಿಗೆ ಬಂದರು. ಅವರು ಓಣಿ ಬಿಟ್ಟು ಅಷ್ಟು ದೂರ ಬಂದದ್ದನ್ನು ನಾನು ಕಂಡಿರಲಿಲ್ಲ.

"ಅರ ಮುಟ್ಟದೆ ಅವ್ರಿಗೆ ಅನ್ನ ಸೇರ್ತಿಲ್ಲ ಕಣಪ್ಪಾ. ಕುಂತಲ್ಲೇ ಗ್ವಾಡೆ ನೋಡ್ತಾ ಕುಂತವ್ರೆ. ಇಂಗೇ ಬುಟ್ರೆ ನಂಗೆ ಉಳಿಯಾಕಿಲ್ಲ. ಇರೋ ಕೋಣೇಲೇ ಏನಾರಾ ಮಾಡು."

ನಾನು ಟೇಪು ಹಿಡಿದುಕೊಂಡು ಹೋದೆ. ಮೇಸ್ತ್ರಿ ನನ್ನ ಕೈಯನ್ನು ನೋಡಿ, "ಗ್ವಾಡೆಗೆ ಕೊಡೆ ತಗುಲಾಕಕ್ಕೆ ಬಂದ್ಯಾ?" ಅಂದರು. ಧ್ವನಿಯಲ್ಲಿ ಮೊದಲಿನ ಖಾರ ಇರಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಗೋಡೆ ಬಡಿದು ನೋಡಿದೆ; ಹಳೆಯ ಮಣ್ಣಿನ ಗೋಡೆ. ಬೋಲ್ಟು ಹಾಕಿದರೆ ಮಣ್ಣು ಸುರಿಯುತ್ತದೆ. ಮೂರು ತಾಲ್ಲೂಕು ಸುತ್ತಿ ಬೆಂಚು ಕೂರಿಸಿದವನು ನನ್ನ ಗುರುವಿನ ಮನೆಯಲ್ಲಿ ಒಂದು ಮೊಳೆ ಹೊಡೆಯಲಾರದೆ ನಿಂತೆ. ಇನ್ನೊಂದು ದೊಡ್ಡ ಬೆಂಚು ಇಡೋಣವೆಂದರೆ ಅಡುಗೆಗೂ ಜಾಗವಿಲ್ಲ, ಅವರಿಗೂ ಈಗ ಬಹಳ ಹೊತ್ತು ನಿಲ್ಲಲು ಮಂಡಿ ಬಿಡುತ್ತಿರಲಿಲ್ಲ.

ಹಿಂದೆ ಸರಿಯುವಾಗ ಕಾಲಡಿಯಲ್ಲಿ ಡಬಡಬ ಸದ್ದಾಯಿತು. ನೆಲದಲ್ಲಿ ಹಲಗೆ ಮುಚ್ಚಿದ ಗುಂಡಿ. ಆ ಮನೆ ಮೊದಲು ನೇಕಾರರದು, ಅದು ಮಗ್ಗದ ಗುಂಡಿ. ನೇಯುವವರು ನೆಲದ ಮೇಲೆ ಕೂತು ಕಾಲನ್ನು ಅದರೊಳಗೆ ಇಳಿಬಿಟ್ಟು ಮಗ್ಗ ತುಳಿಯುತ್ತಿದ್ದರು. ತಾಯಮ್ಮ ಅದರಲ್ಲಿ ಕುಂಬಳಕಾಯಿ, ಈರುಳ್ಳಿ ಇಟ್ಟುಕೊಂಡಿದ್ದರು. ನಾನು ಹಲಗೆ ಎತ್ತಿ, ಕುಂಬಳಕಾಯಿ ಸರಿಸಿ, ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ. ಮೊಣಕೈ ಮಡಚಿ ನೋಡಿದೆ. ಎದುರಿನ ಅಂಚಿನ ಮೇಲೆ ಒಂದು ಚಿಕ್ಕ ವೈಸು ನಿಂತರೆ ಸರಿಯಾಗಿ ಕೈಗೆ ಬರುತ್ತಿತ್ತು. ಗೋಡೆ ಬೇಡ, ಕಾಲು ಬೇಡ. ಇಡೀ ಭೂಮಿಯೇ ಬೆಂಚು.

ಅಂಚಿಗೊಂದು ಕಲ್ಲು ಹೂತು ವೈಸನ್ನು ಅದಕ್ಕೆ ಬಿಗಿದುಬಿಡುತ್ತೇನೆ ಎಂದು ಹೇಳುತ್ತಿದ್ದೆ. ಒಲೆಯ ಕಡೆಯಿಂದ ತಾಯಮ್ಮ ಒಂದೇ ಮಾತು ಕೇಳಿದರು.

"ಕೆಲ್ಸ ಆದ್ಮ್ಯಾಲೆ ಮುಚ್ಕತದಾ ಅದು?"

"ಯಾಕವ್ವಾ?"

"ನಾನು ಮನೀಕಬೇಕಲ್ಲಪ್ಪಾ."

ಮೇಸ್ತ್ರಿಗೊಂದು ಬೆಂಚು, ನನಗೊಂದು ಶಭಾಷ್‌ಗಿರಿ, ಇಷ್ಟರಲ್ಲೇ ನಾನು ಮುಳುಗಿದ್ದೆ. ಅದು ಇನ್ನೊಬ್ಬರು ಮಲಗುವ ಜಾಗ ಅನ್ನುವುದೇ ಹೊಳೆದಿರಲಿಲ್ಲ. ಟೇಪು ಸುತ್ತಿಕೊಂಡು ಷೆಡ್ಡಿಗೆ ಬಂದು ಬೇರೆ ಲೆಕ್ಕ ಹಾಕಿದೆ. ದರ್ಜಿಯವರು ಹೊಲಿಗೆ ಮೆಷಿನ್ನನ್ನು ಅದರ ಮೇಜಿನೊಳಕ್ಕೇ ಮಡಚುತ್ತಾರಲ್ಲ, ಹಾಗೆ. ಗುಂಡಿಯ ಅಂಚಿಗೆ ಕಲ್ಲು ಕಟ್ಟಿ, ಅದಕ್ಕೆ ಆಂಗಲ್ ಚೌಕಟ್ಟು ಹೂತು, ನಡುವೆ ಒಂದು ದಪ್ಪ ಪ್ಲೇಟನ್ನು ಅಚ್ಚಿನ ಮೇಲೆ ತಿರುಗುವಂತೆ ಕೂರಿಸಿದೆ. ಪ್ಲೇಟಿನ ಮೇಲೆ ವೈಸು. ದಪ್ಪ ಪಿನ್ನು ಜಡಿದರೆ ಗಟ್ಟಿ ಬೆಂಚು. ಪಿನ್ನು ತೆಗೆದು ಪ್ಲೇಟು ತಿರುಗಿಸಿದರೆ ವೈಸು ತಲೆಕೆಳಗಾಗಿ ಗುಂಡಿಯೊಳಗೆ ನೇತಾಡುತ್ತದೆ, ಮೇಲೆ ನೆಲದ ಮಟ್ಟಕ್ಕೆ ನುಣ್ಣನೆಯ ಪ್ಲೇಟು. ಉಳಿದ ಬಾಯಿಗೆ ಹಲಗೆ. ಉಪಕರಣಗಳಿಗೆ ಗುಂಡಿಯ ಗೋಡೆಯಲ್ಲೇ ಗೂಡು. ಕೋಣೆಯಲ್ಲಿ ತುಂಬಿದ್ದ ಸರಳುಗಳನ್ನು ಅಟ್ಟಕ್ಕೆ ಏರಿಸಿದೆ, ಗುಜರಿ ಡಬ್ಬಗಳನ್ನು ನನ್ನ ಷೆಡ್ಡಿಗೆ ಸಾಗಿಸಿದೆ. ಮೇಸ್ತ್ರಿ ಪ್ರತಿ ಡಬ್ಬಕ್ಕೂ ಗೊಣಗಿದರು, ತಾಯಮ್ಮ ಪ್ರತಿ ಡಬ್ಬಕ್ಕೂ ಬಾಗಿಲು ಅಗಲಿಸಿ ಹಿಡಿದರು.

ಕೂರಿಸಿ ಮುಗಿಸಿದ ದಿನ ಮೇಸ್ತ್ರಿ ಬಂದು ಕಾಲು ಇಳಿಬಿಟ್ಟು ಕೂತರು. ಒಂದು ಕಬ್ಬಿಣದ ಪಟ್ಟಿ ಕಚ್ಚಿಸಿ ಅರ ಹಾಕಿದರು. ಎಷ್ಟೋ ದಿನದ ಮೇಲೆ ಆ ಸದ್ದು. ಒಂದೇ ಸಮನೆ, ತುಂಡಾಗದೆ, ಉದ್ದಕ್ಕೂ. ನನ್ನ ಕಣ್ಣು ತುಂಬಿತು, ನಾಚಿಕೆಯಿಲ್ಲದೆ ಒರೆಸಿಕೊಂಡೆ. ಅವರು ತಲೆಯೆತ್ತದೆ, "ಬಲಗಡೆ ಬೋಲ್ಟು ಇನ್ನರ್ಧ ಸುತ್ತು ಬಿಗಿ" ಅಂದರು. ಬಿಗಿದೆ. ಅಷ್ಟೇ. ಮನೆಗೆ ಬರುವ ದಾರಿಯಲ್ಲಿ ನನ್ನಷ್ಟು ಸಂತೋಷದ ಮನುಷ್ಯ ಕೊಳ್ಳೇಗಾಲದಲ್ಲಿ ಇರಲಿಲ್ಲ. ನಾನು ಬಯಸಿದ್ದು ನನಗೆ ಸಿಕ್ಕಿತ್ತು, ಕತೆ ಮುಗಿಯಿತು ಅಂದುಕೊಂಡಿದ್ದೆ.

ಕೆಲವು ದಿನ ಬಿಟ್ಟು ಬೆಂಚು ಹೇಗಿದೆ ನೋಡೋಣವೆಂದು ಮಧ್ಯಾಹ್ನ ಹೋದೆ. ಮೇಸ್ತ್ರಿ ಹೊರಗೆ ಬಿಸಿಲಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಪ್ಲೇಟು ಸಡಿಲವಾಯಿತೇ, ಕೆಲಸ ಬಿಟ್ಟುಬಿಟ್ಟರೇ ಅಂದುಕೊಂಡು, "ಏನಾಯ್ತು ಮೇಸ್ತ್ರಿ?" ಅಂದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಬಾಗಿಲನ್ನು ಚೂರು ಸರಿಸಿ ತೋರಿಸಿದರು.

ಒಳಗೆ ಪ್ಲೇಟು ತಿರುವಿತ್ತು, ಹಲಗೆ ಮುಚ್ಚಿತ್ತು. ನೆಲದ ಮೇಲೆ ಒಂದು ಕಬ್ಬಿಣದ ಪುಡಿಯೂ ಇಲ್ಲದಂತೆ ಗುಡಿಸಿತ್ತು. ಮೂಲೆಯಲ್ಲಿ ಪೊರಕೆಯ ಪಕ್ಕ ಮೇಸ್ತ್ರಿಯ ಅಯಸ್ಕಾಂತದ ತುಂಡು ಕಂಡು, ಗುಡಿಸಿದ್ದು ಯಾರೆಂದು ಗೊತ್ತಾಯಿತು. ನಡುವೆ ಚಾಪೆ ಹಾಸಿಕೊಂಡು ತಾಯಮ್ಮ ಗಾಢವಾಗಿ ನಿದ್ದೆ ಮಾಡುತ್ತಿದ್ದರು. ಕೈ ಒಂದು ಕಡೆ, ಕಾಲು ಎದುರು ಗೋಡೆಯ ತನಕ, ನೀಳವಾಗಿ.

ಮೇಸ್ತ್ರಿ ಬಾಗಿಲು ಮುಚ್ಚಿದರು. ಆಮೇಲೆ ನನ್ನ ಕಡೆ ನೋಡದೆ, ರಸ್ತೆಯ ಕಡೆ ನೋಡುತ್ತಾ ಹೇಳಿದರು.

"ಮದ್ವೆ ಆದಾಗ್ನಿಂದ್ಲೂ ಮುದುರ್ಕಂಡೇ ಮನೀಕತಿದ್ಲು. ಅವ್ಳು ಮನೀಕಳಾದೇ ಅಂಗೆ ಅನ್ಕಂಡಿದ್ದೆ ಕಣ್ಲಾ ಸಿದ್ದ."

ಅಷ್ಟರಲ್ಲಿ ಯಾರೋ ಗಿರಾಕಿ ಕೈಯಲ್ಲಿ ಬೀಗ ಹಿಡಿದುಕೊಂಡು ಬಂದ. ಅಂಗಡಿ ಬಾಗಿಲು ಮುಚ್ಚಿ ಊರಿಗೆ ಹೋಗಬೇಕಿತ್ತಂತೆ, ಈಗಲೇ ಆಗಬೇಕು ಎಂದು ಅವಸರ ಮಾಡಿದ. ಜ್ವರ ಬಂದ ದಿನವೂ ಕೆಲಸ ವಾಪಸು ಕಳಿಸದಿದ್ದ ಮನುಷ್ಯ ಮೇಸ್ತ್ರಿ.

"ಒಂದ್ ಗಳಿಗೆ ಬುಟ್ಕಂಡ್ ಬಾರಪ್ಪ," ಅಂದರು ಮೆಲ್ಲಗೆ. "ಬೆಂಚು ಖಾಲಿ ಇಲ್ಲ."

ಗಿರಾಕಿ ಗೊಣಗುತ್ತಾ ಹೋದ. ನಾವಿಬ್ಬರೂ ಬಿಸಿಲಲ್ಲೇ ನಿಂತಿದ್ದೆವು.